ಲಿನಕ್ಸ್ ಅಪ್‌ಗ್ರೇಡ್ ಆದ ಮೇಲೆ ಸಿಂಕ್ ಆ್ಯಪ್ ತೆರೆಯದಿದ್ದರೆ ಫಾರ್ಮ್ಯಾಟ್ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಲಿನಕ್ಸ್. ಅದರ ಒಂದು ಬಗೆಯಾದ ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ಕೊನೆಗೆ ನಿಂತಿತು. ವಿಂಡೋಸ್ 10ಕ್ಕೆ ಅದೇ ವರ್ಷ ಅಕ್ಟೋಬರ್ 14 ಕೊನೆಯ ದಿನವಾಯಿತು. ಹೀಗಾಗಿ ಬಾಗಲಕೋಟೆ, ಜಮಖಂಡಿ, ಇಳಕಲ್ ಕಡೆಯ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಲೆಕ್ಕಪತ್ರ ಬರೆಯುವ ಕಚೇರಿಗಳ ಕೆಲವು ಕಂಪ್ಯೂಟರ್‌ಗಳಿಗೆ ಹೊಸದಾಗಿ ಲಿನಕ್ಸ್ ಬಂದಿದೆ, ಮೊದಲೇ ಲಿನಕ್ಸ್ ಇದ್ದಲ್ಲಿ ಅದು ಮೇಲಿನ ಆವೃತ್ತಿಗೆ ಏರಿದೆ. ಏರಿದ ಮರುದಿನ ಕೇಳಿಬರುವ ದೂರು ಒಂದೇ: ‘ಸಿಂಕ್ ಆ್ಯಪ್ ಚಾಲೂನೇ ಆಗವಲ್ದು.’ ಐಕಾನ್ ಒತ್ತಿದರೆ ಚಕ್ರ ಒಂದು ಗಳಿಗೆ ತಿರುಗಿ ನಿಲ್ಲುತ್ತದೆ. ಏನು ತಪ್ಪಾಗಿದೆ ಎಂದು ಹೇಳುವ ಕಿಟಕಿಯೂ ಬರುವುದಿಲ್ಲ. ಗಾಬರಿಯಿಂದ ಕಂಪ್ಯೂಟರನ್ನು ಅಂಗಡಿಗೆ ಹೊತ್ತೊಯ್ದರೆ ಅಲ್ಲಿ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ನಿನ್ನೆ ಸಂಜೆಯ ತನಕ ಮಾಡಿದ, ಇನ್ನೂ ಸರ್ವರ್‌ಗೆ ಏರದೇ ಉಳಿದ ಕೆಲಸವೆಲ್ಲ ಅದರ ಜೊತೆ ಅಳಿಸಿಹೋಗುತ್ತದೆ. ಈ ನಷ್ಟ ಪೂರ್ತಿ ತಪ್ಪಿಸಬಹುದಾದದ್ದು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕು.

ಸಿಂಕ್ ಆ್ಯಪ್ ಎಂದರೆ ನಮ್ಮ ಫೈಲ್‌ಗಳನ್ನು ಸರ್ವರ್‌ಗೆ ಅಥವಾ ಬೇರೆ ಕಂಪ್ಯೂಟರ್‌ಗೆ ಒಯ್ದು ತರುವ ಹಮಾಲ ಇದ್ದಂತೆ. ಹಮಾಲ ಕೆಲಸಕ್ಕೆ ಬಂದಿಲ್ಲವೆಂದ ಮಾತ್ರಕ್ಕೆ ಗೋದಾಮಿನ ಮಾಲು ಎಲ್ಲಿಗೂ ಹೋಗಿರುವುದಿಲ್ಲ. ನೆಕ್ಸ್ಟ್‌ಕ್ಲೌಡ್, ಡ್ರಾಪ್‌ಬಾಕ್ಸ್, ಸಿಂಕ್‌ಥಿಂಗ್ ಯಾವುದೇ ಇರಲಿ, ಫೈಲ್‌ಗಳು ಸಾಮಾನ್ಯವಾಗಿ ನಿಮ್ಮ ಹೆಸರಿನ ಹೋಮ್ ಫೋಲ್ಡರ್‌ನಲ್ಲಿ ಇದ್ದಲ್ಲಿಯೇ ಇರುತ್ತವೆ. ಮೊದಲು ಫೈಲ್ ಮ್ಯಾನೇಜರ್ ತೆರೆದು ಅವನ್ನು ಕಣ್ಣಾರೆ ನೋಡಿ. ಆಮೇಲೆ ಆ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಮದುವೆ ವಿಡಿಯೊ ಇಟ್ಟುಕೊಂಡ ಸ್ಟುಡಿಯೊದವರಿಗೆ ಎಕ್ಸ್‌ಫ್ಯಾಟ್ ಅಥವಾ ಎಕ್ಸ್ಟ್4 ಡಿಸ್ಕ್ ಬೇಕು. ಈ ನಕಲು ಮುಗಿಯುವ ತನಕ ಖಾತೆ ತೆಗೆದು ಮತ್ತೆ ಸೇರಿಸುವುದು, ಆ್ಯಪ್‌ನ ಸೆಟ್ಟಿಂಗ್ ಫೋಲ್ಡರ್ ಅಳಿಸುವುದು, ‘ರೀಇನ್‌ಸ್ಟಾಲ್ ಮಾಡಿ ನೋಡೋಣ’ ಎನ್ನುವುದು ಯಾವುದೂ ಬೇಡ. ಸಿಂಕ್ ಎರಡೂ ಕಡೆಗೆ ನಡೆಯುವ ವ್ಯವಹಾರ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲಿ ಅಳಿಸಿದ್ದನ್ನು 30 ದಿನದೊಳಗೆ ಮರಳಿ ಪಡೆಯಬಹುದು. ಸಿಂಕ್‌ಥಿಂಗ್‌ಗೆ ನಡುವೆ ಸರ್ವರೇ ಇಲ್ಲ, ಹಳೆಯ ಪ್ರತಿ ಉಳಿಸುವ ಸೌಲಭ್ಯವನ್ನೂ ನಾವೇ ಆನ್ ಮಾಡಿರಬೇಕು. ಮಾಡಿರದಿದ್ದರೆ ಅಳಿದದ್ದು ಅಳಿದಂತೆಯೇ.

ಇನ್ನು ಪರೀಕ್ಷೆಗೆ ಬರೋಣ. ಆ್ಯಪ್ ನಿಜಕ್ಕೂ ನಿಂತಿದೆಯೇ, ಅಥವಾ ಓಡುತ್ತಿದ್ದೂ ಕಾಣಿಸುತ್ತಿಲ್ಲವೇ ಎನ್ನುವುದು ಮೊದಲ ಪ್ರಶ್ನೆ. ಉಬುಂಟುವಿನ ಪರದೆಯ ನೋಟ ನಡೆಸುವ ಗ್ನೋಮ್ ಡೆಸ್ಕ್‌ಟಾಪ್ 2017ರ 3.26ನೇ ಆವೃತ್ತಿಯಿಂದ ಮೂಲೆಯ ಹಳೆಯ ಟ್ರೇ ಐಕಾನ್‌ಗಳನ್ನು ಕೈಬಿಟ್ಟಿದೆ. ಉಬುಂಟು ತನ್ನದೇ ವಿಸ್ತರಣೆ ಸೇರಿಸಿ ಅದನ್ನು ಉಳಿಸಿಕೊಂಡಿದೆ. ಡೆಬಿಯನ್, ಫೆಡೋರಾ ಎಂಬ ಬೇರೆ ಬಗೆಯ ಲಿನಕ್ಸ್‌ಗಳಲ್ಲಿ ನಾವೇ ‘ಆ್ಯಪ್‌ಇಂಡಿಕೇಟರ್’ ವಿಸ್ತರಣೆ ಹಾಕಿಕೊಳ್ಳಬೇಕು. ಅಪ್‌ಗ್ರೇಡ್‌ನಲ್ಲಿ ಗ್ನೋಮ್‌ನ ಆವೃತ್ತಿ ಬದಲಾದಾಗ ಹೊಂದದ ವಿಸ್ತರಣೆಗಳು ತಾವಾಗಿಯೇ ಆಫ್ ಆಗುತ್ತವೆ. ಆಗ ಮೂಲೆಯ ಮೋಡದ ಚಿತ್ರ ಮಾಯ, ಆ್ಯಪ್ ಮಾತ್ರ ಒಳಗೆ ಓಡುತ್ತಲೇ ಇರುತ್ತದೆ. ಫೋಲ್ಡರ್ ಮೇಲಿನ ಹಸಿರು ಗುರುತು ಕಾಣದಿದ್ದರೂ ಇದೇ ಮಾತು: ಆ ಗುರುತು ಹಾಕುವುದು ಫೈಲ್ ಮ್ಯಾನೇಜರ್‌ಗೆ ಸೇರಿಸಿದ ಬೇರೊಂದು ಚಿಕ್ಕ ಪ್ಯಾಕೇಜ್, ಅದು ಕೆಟ್ಟರೆ ಸಿಂಕ್ ಕೆಡುವುದಿಲ್ಲ.

ಉಬುಂಟು ಮತ್ತು ಅದರ ಮೇಲೆ ಕಟ್ಟಿದ ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆದೇಶ ಹೊಡೆಯುವ ಕಿಟಕಿ, ಅಂದರೆ ಟರ್ಮಿನಲ್ ತೆರೆಯುತ್ತದೆ. ಕನ್ನಡ ಪತ್ರಿಕೆಯಾದ್ದರಿಂದ ಆದೇಶಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಆದೇಶಗಳನ್ನು ಸಣ್ಣಕ್ಷರದಲ್ಲಿ, ಫೈಲ್‌ಗಳ ಹೆಸರನ್ನು ಇದ್ದಂತೆಯೇ ಹೊಡೆಯಬೇಕು. ‘ಪಿಗ್ರೆಪ್ -ಎಐಎಫ್ ನೆಕ್ಸ್ಟ್‌ಕ್ಲೌಡ್’ ಎಂದು ಹೊಡೆದಾಗ ಒಂದು ಸಂಖ್ಯೆ ಮತ್ತು ಹಾದಿ ಕಂಡರೆ ಆ್ಯಪ್ ಜೀವಂತವಿದೆ ಎಂದರ್ಥ. ಬೇರೆ ಆ್ಯಪ್ ಇದ್ದರೆ ಅದರ ಹೆಸರು ಹಾಕಿ. ಸಂಖ್ಯೆ ಕಂಡರೂ ಸಿಂಕ್ ನಡೆಯುತ್ತಿಲ್ಲವಾದರೆ ಹಳೆಯ ಪ್ರತಿ ಅರೆಜೀವವಾಗಿ ಕೂತಿದೆ. ಇಂಥ ಆ್ಯಪ್‌ಗಳು ಒಂದು ಸಲಕ್ಕೆ ಒಂದೇ ಪ್ರತಿ ಓಡಲು ಬಿಡುತ್ತವೆ. ಎರಡನೆಯದು ಬಂದರೆ ಮೊದಲನೆಯದಕ್ಕೆ ಸುದ್ದಿ ಮುಟ್ಟಿಸಿ ತಾನು ಮುಚ್ಚಿಕೊಳ್ಳುತ್ತದೆ. ಐಕಾನ್ ಎಷ್ಟು ಸಲ ಒತ್ತಿದರೂ ಏನೂ ಆಗದಿರುವುದಕ್ಕೆ ಇದೂ ಒಂದು ಕಾರಣ. ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬಂದರೆ ಸಾಕು.

ಸಂಖ್ಯೆ ಬರಲೇ ಇಲ್ಲ ಎಂದರೆ ಆ್ಯಪನ್ನು ಟರ್ಮಿನಲ್‌ನಿಂದಲೇ ಓಡಿಸಿ. ಐಕಾನ್ ಒತ್ತಿದಾಗ ಯಾರಿಗೂ ಕಾಣದಂತೆ ಹೋಗುವ ದೋಷದ ಸಾಲು ಇಲ್ಲಿ ಕಣ್ಣಿಗೆ ಬೀಳುತ್ತದೆ. ಮುಂದಿನದೆಲ್ಲ ಆ ಸಾಲಿನ ಮೇಲೆ ನಿಂತಿದೆ. ಒಂದು ಎಚ್ಚರಿಕೆ: ಆದೇಶದ ಮೊದಲು ‘ಸುಡೊ’ ಹಚ್ಚಿ ಓಡಿಸಬೇಡಿ. ಸುಡೊ ಹಚ್ಚಿದರೆ ಆ್ಯಪ್ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನ ಹೆಸರಲ್ಲಿ ಓಡಿ, ಅದು ಮುಟ್ಟಿದ ಫೈಲ್‌ಗಳ ಒಡೆತನವೂ ರೂಟ್‌ಗೆ ಹೋಗಬಹುದು. ಮರುದಿನ ನಿಮ್ಮ ಹೆಸರಲ್ಲಿ ತೆರೆದರೆ ‘ಪರ್ಮಿಷನ್ ಡಿನೈಡ್’ ಎಂದು ಹೊಸ ತೊಂದರೆ ಹುಟ್ಟುತ್ತದೆ. ಯಾರಾದರೂ ಆಗಲೇ ಹಾಗೆ ಮಾಡಿದ್ದರೆ ‘ಎಲ್ಎಸ್ -ಎಲ್ಎ’ ಹೊಡೆದು ಒಡೆಯನ ಹೆಸರಿನ ಜಾಗದಲ್ಲಿ ರೂಟ್ ಇದೆಯೇ ನೋಡಿ. ಇದ್ದರೆ ಆ ಫೋಲ್ಡರ್‌ಗಷ್ಟೇ ‘ಸುಡೊ ಚೌನ್ -ಆರ್’ ಕೊಟ್ಟು ನಿಮ್ಮ ಹೆಸರಿಗೆ ತಿರುಗಿಸಿ. ಇಲ್ಲಿ ಆರ್ ಮಾತ್ರ ದೊಡ್ಡಕ್ಷರ.

ಉಬುಂಟುವಿನಲ್ಲಿ ಬಹಳ ಜನರನ್ನು ಕಾಡುವುದು ಫ್ಯೂಸ್ ಎಂಬ ಸಾಫ್ಟ್‌ವೇರ್‌ನ ತೊಂದರೆ. ಇದನ್ನು ಬಿಡಿಸಿ ಹೇಳಬೇಕು. ನೆಕ್ಸ್ಟ್‌ಕ್ಲೌಡ್‌ನ ಲಿನಕ್ಸ್ ಆ್ಯಪ್ ‘ಆ್ಯಪ್‌ಇಮೇಜ್’ ರೂಪದಲ್ಲಿ ಬರುತ್ತದೆ. ಅದು ಇನ್‌ಸ್ಟಾಲ್ ಮಾಡುವ ಪ್ಯಾಕೇಜಲ್ಲ; ಇಡೀ ಆ್ಯಪನ್ನು ಒತ್ತಿ ತುಂಬಿದ ಒಂದೇ ಫೈಲ್. ಒತ್ತಿದಾಗ ಅದು ತನ್ನನ್ನೇ ಒಂದು ಚಿಕ್ಕ ಡಿಸ್ಕಿನಂತೆ ಮೌಂಟ್ ಮಾಡಿಕೊಂಡು ಒಳಗಿನ ಪ್ರೋಗ್ರಾಂ ಓಡಿಸುತ್ತದೆ. ಹಾಗೆ ಮೌಂಟ್ ಮಾಡಲು ಹಳೆಯ ಕಾಲದ ಆ್ಯಪ್‌ಇಮೇಜ್‌ಗಳಿಗೆ ಫ್ಯೂಸ್‌ನ ಎರಡನೇ ಆವೃತ್ತಿಯ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್, ಬೇಕು. ಉಬುಂಟು 22.04ರಿಂದ ಫ್ಯೂಸ್ 3 ಮಾತ್ರ ಮೊದಲೇ ಇರುತ್ತದೆ, ಎರಡನೆಯದು ಇರುವುದಿಲ್ಲ. ಟರ್ಮಿನಲ್‌ನಲ್ಲಿ ‘ಲಿಬ್‌ಫ್ಯೂಸ್.ಎಸ್‌ಒ.2’ ಲೋಡ್ ಆಗಲಿಲ್ಲ, ‘ಆ್ಯಪ್‌ಇಮೇಜಸ್ ರಿಕ್ವೈರ್ ಫ್ಯೂಸ್ ಟು ರನ್’ ಎಂಬ ಸಾಲುಗಳು ಕಂಡರೆ ಇದೇ ರೋಗ.

ಔಷಧ ಒಂದೇ ಸಾಲಿನದು, ಪ್ಯಾಕೇಜ್ ಹಾಕಿ ತೆಗೆಯುವ ‘ಆಪ್ಟ್’ಗೆ ಕೊಡುವ ಆದೇಶ. 22.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 21ರಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಫ್ಯೂಸ್2’. 24.04 ಮತ್ತು ಮಿಂಟ್ 22ರಲ್ಲಿ ಅದೇ ಲೈಬ್ರರಿಯ ಹೆಸರು ‘ಲಿಬ್‌ಫ್ಯೂಸ್2ಟಿ64’ ಆಗಿದೆ. ಕೊನೆಯ ಟಿ64 ಯಾಕೆಂದರೆ, 32 ಬಿಟ್‌ನಲ್ಲಿ ಸಮಯ ಎಣಿಸುವ ಯಂತ್ರಗಳಿಗೆ 2038ರಲ್ಲಿ ಅಂಕಿ ಮುಗಿದುಹೋಗುತ್ತದೆ. ಅದನ್ನು 64 ಬಿಟ್‌ಗೆ ಏರಿಸುವಾಗ ನೂರಾರು ಲೈಬ್ರರಿಗಳ ಹೆಸರಿಗೆ ಈ ಬಾಲ ಸೇರಿತು. ಪ್ಯಾಕೇಜ್ ಸಿಗಲಿಲ್ಲ ಎಂದು ಬಂದರೆ ಸಾಫ್ಟ್‌ವೇರ್ ಮೂಲಗಳಲ್ಲಿ ‘ಯೂನಿವರ್ಸ್’ ಎನ್ನುವುದಕ್ಕೆ ಟಿಕ್ ಹಾಕಿ ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು ಮತ್ತೆ ಪ್ರಯತ್ನಿಸಿ.

ಇಲ್ಲೊಂದು ಕಾಲುಜಾರುವ ಜಾಗವಿದೆ. ‘ಫ್ಯೂಸ್ ಇಲ್ಲ’ ಎಂಬುದನ್ನು ಓದಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫ್ಯೂಸ್’ ಎಂದು ಹೊಡೆಯಬೇಡಿ. 22.04ರಲ್ಲಿ ಬರೀ ‘ಫ್ಯೂಸ್’ ಎಂಬ ಪ್ಯಾಕೇಜ್ ಹಾಕಲು ಹೋದರೆ ಅದು ಫ್ಯೂಸ್ 3ನ್ನು ತೆಗೆಯುತ್ತದೆ. ಅದರ ಮೇಲೆ ನಿಂತ ಡೆಸ್ಕ್‌ಟಾಪ್‌ನ ಭಾಗಗಳೂ ಜೊತೆಗೆ ಹೋಗುತ್ತವೆ. ಮುಂದಿನ ಸಲ ಚಾಲೂ ಮಾಡಿದಾಗ ಡೆಸ್ಕ್‌ಟಾಪ್ ನೆಟ್ಟಗೆ ಬರದಿರಬಹುದು. ಆಪ್ಟ್ ಏನೇನು ತೆಗೆಯಲಿದೆ ಎಂದು ಪಟ್ಟಿ ತೋರಿಸಿ ‘ವೈ’ ಅಥವಾ ‘ಎನ್’ ಎಂದು ಕೇಳುತ್ತದೆಯಲ್ಲ, ಅಲ್ಲಿ ಕೈ ತಡೆದು ಓದಬೇಕು. ತೆಗೆಯುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್, ಸೆಷನ್ ಎಂಬ ಪದ ಕಂಡರೆ ‘ಎನ್’ ಒತ್ತಿ.

ನೆಟ್ ಇಲ್ಲದಾಗ ಅಥವಾ ಆಪ್ಟ್ ಕೆಟ್ಟು ಕೂತಾಗ ತಾತ್ಕಾಲಿಕ ದಾರಿಯೂ ಉಂಟು: ಆ್ಯಪ್‌ಇಮೇಜ್ ಹೆಸರಾದ ಮೇಲೆ ಒಂದು ಜಾಗ ಬಿಟ್ಟು ‘--ಆ್ಯಪ್‌ಇಮೇಜ್-ಎಕ್ಸ್‌ಟ್ರಾಕ್ಟ್-ಆ್ಯಂಡ್-ರನ್’ ಎಂದು ಸೇರಿಸಿದರೆ ಅದು ಮೌಂಟ್ ಮಾಡದೆ ತಾತ್ಕಾಲಿಕ ಫೋಲ್ಡರ್‌ನಲ್ಲಿ ತನ್ನನ್ನು ಬಿಚ್ಚಿಕೊಂಡು ಓಡುತ್ತದೆ. ತೆರೆಯಲು ಸ್ವಲ್ಪ ತಡವಾಗುತ್ತದೆ, ಆದರೆ ಆ ದಿನದ ಕೆಲಸ ನಿಲ್ಲುವುದಿಲ್ಲ. ಹಾಗೆಯೇ ಆ್ಯಪ್‌ಇಮೇಜನ್ನು ಹೊಸದಾಗಿ ಇಳಿಸಿಕೊಂಡಿದ್ದರೆ ಅದಕ್ಕೆ ಓಡುವ ಅನುಮತಿ ಇರುವುದಿಲ್ಲ. ‘ಸಿಎಚ್ಮಾಡ್ +ಎಕ್ಸ್’ ಕೊಡಿ, ಇಲ್ಲವೇ ಫೈಲ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಟಿಕ್ ಹಾಕಿ.

ಟರ್ಮಿನಲ್‌ನಿಂದ ತೆರೆದರೆ ಬರುತ್ತದೆ, ಕಂಪ್ಯೂಟರ್ ಚಾಲೂ ಆದಾಗ ಮಾತ್ರ ಬರುವುದಿಲ್ಲ ಎನ್ನುವವರು ಆಟೋಸ್ಟಾರ್ಟ್ ನೋಡಬೇಕು. ಹೋಮ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ, ‘.ಕಾನ್ಫಿಗ್’ ಒಳಗೆ ‘ಆಟೋಸ್ಟಾರ್ಟ್’ ಫೋಲ್ಡರ್ ಇದೆ. ಅಲ್ಲಿನ ಡೆಸ್ಕ್‌ಟಾಪ್ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ‘ಎಕ್ಸೆಕ್=’ ಸಾಲು ಓದಿ. ಆ್ಯಪ್‌ಇಮೇಜ್‌ನ ಹೆಸರಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ. ಹೊಸದನ್ನು ಇಳಿಸಿ ಹಳೆಯದನ್ನು ಅಳಿಸಿದ ಮೇಲೂ ಈ ಸಾಲು ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ, ಸಿಗದೆ ಸುಮ್ಮನಾಗುತ್ತದೆ. ಇಳಿಸಿದ ಫೈಲನ್ನು ಹೋಮ್ ಒಳಗೊಂದು ‘ಆ್ಯಪ್ಸ್’ ಫೋಲ್ಡರ್ ಮಾಡಿ, ಸಂಖ್ಯೆ ತೆಗೆದು ಬರೀ ‘ನೆಕ್ಸ್ಟ್‌ಕ್ಲೌಡ್.ಆ್ಯಪ್‌ಇಮೇಜ್’ ಎಂದು ಇಟ್ಟರೆ ಮುಂದಿನ ಸಲ ಅದರ ಮೇಲೆಯೇ ಹೊಸದನ್ನು ಹಾಕಬಹುದು, ಸಾಲು ತಿದ್ದುವ ಕೆಲಸ ತಪ್ಪುತ್ತದೆ.

24.04ರ ಎರಡನೆಯ ಕಾಟ ಆ್ಯಪ್‌ಆರ್ಮರ್, ಅಂದರೆ ಯಾವ ಪ್ರೋಗ್ರಾಂ ಏನು ಮಾಡಬಹುದು ಎಂದು ಕಾಯುವ ಕಾವಲುಗಾರ. ಕೆಲವು ಸಿಂಕ್ ಆ್ಯಪ್‌ಗಳು ಎಲೆಕ್ಟ್ರಾನ್ ಮೇಲೆ ಕಟ್ಟಿದವು, ಅಂದರೆ ಒಳಗೆ ಕ್ರೋಮಿಯಂ ಬ್ರೌಸರೇ ಇದೆ. ಬ್ರೌಸರ್ ತನ್ನ ಸುತ್ತ ‘ಸ್ಯಾಂಡ್‌ಬಾಕ್ಸ್’ ಎಂಬ ಬೇಲಿ ಹಾಕಿಕೊಳ್ಳಲು ಸಾಮಾನ್ಯ ಬಳಕೆದಾರನ ಹೆಸರಲ್ಲೇ ನೇಮ್‌ಸ್ಪೇಸ್ ಎಂಬ ಪ್ರತ್ಯೇಕ ಕೋಣೆ ತೆರೆಯುತ್ತದೆ. ಇದೇ ಸೌಲಭ್ಯವನ್ನು ದುರುಪಯೋಗ ಮಾಡಿಕೊಂಡು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲೋಪಗಳೊಳಗೆ ನುಗ್ಗುವವರಿದ್ದರು. ಹೀಗಾಗಿ ಉಬುಂಟು 24.04ರಿಂದ, ಪರವಾನಗಿ ಬರೆದಿಟ್ಟ ಪ್ರೋಗ್ರಾಂಗಳಿಗೆ ಮಾತ್ರ ಅದನ್ನು ಬಿಡುತ್ತದೆ. ‘ಎಸ್‌ಯುಐಡಿ ಸ್ಯಾಂಡ್‌ಬಾಕ್ಸ್ ಹೆಲ್ಪರ್’, ‘ಅಬಾರ್ಟಿಂಗ್’ ಎಂಬ ಪದಗಳಿರುವ ಸಾಲು ಬಂದರೆ ಕಾರಣ ಇದು. ಯಂತ್ರದ ದಾಖಲೆ ತೋರಿಸುವ ‘ಜರ್ನಲ್‌ಸಿಟಿಎಲ್ -ಬಿ’ ಹೊಡೆದು ಅದರಲ್ಲಿ ‘ಯೂಸರ್‌ಎನ್‌ಎಸ್’ ಹುಡುಕಿದರೆ ಖಾತ್ರಿಯಾಗುತ್ತದೆ.

ಇದಕ್ಕೆ ಸರಿಯಾದ ದುರಸ್ತಿ ಎಂದರೆ ‘/ಇಟಿಸಿ/ಆ್ಯಪ್‌ಆರ್ಮರ್.ಡಿ’ ಒಳಗೆ ಆ ಆ್ಯಪ್‌ನ ಹಾದಿ ಬರೆದು, ಒಳಗೆ ‘ಯೂಸರ್‌ಎನ್‌ಎಸ್,’ ಎಂಬ ಅನುಮತಿಯ ಸಾಲಿರುವ ಚಿಕ್ಕ ಪ್ರೊಫೈಲ್ ಇಟ್ಟು ಆ್ಯಪ್‌ಆರ್ಮರನ್ನು ರೀಲೋಡ್ ಮಾಡುವುದು. ಆ ಫೋಲ್ಡರ್‌ನಲ್ಲಿ ಕ್ರೋಮ್, ವಿಎಸ್ ಕೋಡ್ ಮೊದಲಾದವುಗಳ ಪ್ರೊಫೈಲ್ ಇದ್ದೇ ಇವೆ. ಒಂದನ್ನು ನಕಲು ಮಾಡಿ ಹೆಸರು ಮತ್ತು ಹಾದಿ ಬದಲಿಸಿದರೆ ಆಯಿತು. ಅನುಮತಿಯ ಸಾಲಿನ ಕೊನೆಯ ಅಲ್ಪವಿರಾಮ ಬಿಟ್ಟರೆ ಪ್ರೊಫೈಲ್ ಓದಿಸಿಕೊಳ್ಳುವುದಿಲ್ಲ, ನೆನಪಿರಲಿ. ಯುಟ್ಯೂಬ್ ನೋಡಿ ಇಡೀ ಯಂತ್ರಕ್ಕೆ ಈ ತಡೆಯನ್ನು ಸೊನ್ನೆ ಮಾಡುವವರು ಇದ್ದಾರೆ, ಇಲ್ಲವೇ ‘--ನೋ-ಸ್ಯಾಂಡ್‌ಬಾಕ್ಸ್’ ಹಚ್ಚಿ ಕಾಯಂ ಓಡಿಸುತ್ತಾರೆ. ತೊಂದರೆ ಇದೇನಾ ಎಂದು ಒಂದು ಸಲ ಪರೀಕ್ಷಿಸಲು ಅದು ಸರಿ. ಗಿರಾಕಿಗಳ ಆಧಾರ್ ಪ್ರತಿ, ಭೂಮಿಯ ಕಾಗದಪತ್ರ ತುಂಬಿದ ಕಂಪ್ಯೂಟರ್‌ನಲ್ಲಿ ಕಾಯಂ ಹಾಗೆ ಬಿಡುವುದು ತಪ್ಪು.

ಕಿಟಕಿಯೇ ಬರದೆ ‘ಎಕ್ಸ್‌ಸಿಬಿ’ ಎಂಬ ಪದವಿರುವ, ಆ್ಯಪ್‌ಗಳ ಕಿಟಕಿ ಮೂಡಿಸುವ ಕ್ಯೂಟಿಯ ದೋಷ ಬಂದರೆ ಸುಲಭ. ಕ್ಯೂಟಿ 6.5ರಿಂದ ‘ಲಿಬ್‌ಎಕ್ಸ್‌ಸಿಬಿ-ಕರ್ಸರ್0’ ಎಂಬ ಲೈಬ್ರರಿ ಕಡ್ಡಾಯ. ಆಪ್ಟ್‌ನಿಂದ ಹಾಕಿದರೆ ಮುಗಿಯಿತು. ಬೇರೆ ಯಾವುದೋ ಲೈಬ್ರರಿ ಇಲ್ಲವೆಂದು ಬಂದರೆ ‘ಎಲ್‌ಡಿಡಿ’ ಆದೇಶಕ್ಕೆ ಆ್ಯಪ್‌ನ ಹಾದಿ ಕೊಡಿ, ‘ನಾಟ್ ಫೌಂಡ್’ ಎಂದಿರುವ ಸಾಲುಗಳನ್ನಷ್ಟೇ ನೋಡಿ.

ಆದರೆ ಲೈಬ್ರರಿಗಳನ್ನು ಒಂದೊಂದಾಗಿ ಹುಡುಕುವ ಮೊದಲು ಆ್ಯಪ್ ಎಲ್ಲಿಂದ ಬಂದಿತ್ತು ಎಂದು ನೋಡುವುದು ಜಾಣತನ. ಆವೃತ್ತಿ ಏರಿಸುವಾಗ ಉಬುಂಟು ಹೊರಗಿನವರ ಸಾಫ್ಟ್‌ವೇರ್ ಭಂಡಾರಗಳನ್ನೆಲ್ಲ ಬಂದ್ ಮಾಡುತ್ತದೆ. ‘/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ’ ಒಳಗೆ ಹಳೆಯ ಮಾದರಿಯ ಫೈಲಾದರೆ ಸಾಲಿನ ಮೊದಲು # ಗುರುತು, ಹೊಸ ಮಾದರಿಯದಾದರೆ ‘ಎನೇಬಲ್ಡ್: ನೋ’ ಕಾಣುತ್ತದೆ. ಅಂದರೆ ವ್ಯವಸ್ಥೆ ಹೊಸದು, ಸಿಂಕ್ ಆ್ಯಪ್ ಮಾತ್ರ ಹಳೆಯ ಉಬುಂಟುವಿಗೆ ಹೊಲಿದ ಅಂಗಿ ತೊಟ್ಟು ಕೂತಿದೆ. 20.04ರ ಸಂಕೇತನಾಮ ಫೋಕಲ್, 22.04ರದು ಜ್ಯಾಮಿ, 24.04ರದು ನೋಬಲ್. ಫೈಲ್‌ನಲ್ಲಿ ಫೋಕಲ್ ಎಂದೇ ಉಳಿದಿದ್ದರೆ ನಿಮ್ಮ ಆವೃತ್ತಿಯ ಹೆಸರಿಗೆ ಬದಲಿಸಿ, ಬಂದ್ ಆದದ್ದನ್ನು ತೆರೆದು, ಅಪ್‌ಡೇಟ್ ಕೊಟ್ಟು ಆ್ಯಪನ್ನು ಮತ್ತೆ ಹಾಕಿ. ಪ್ಯಾಕೇಜ್ ಮತ್ತೆ ಹಾಕಿದರೆ ನಿಮ್ಮ ಖಾತೆಯ ಸೆಟ್ಟಿಂಗ್ ಅಳಿಯುವುದಿಲ್ಲ, ಅದು ಹೋಮ್‌ನಲ್ಲಿ ಬೇರೆಯೇ ಇರುತ್ತದೆ.

ನಮ್ಮ ಭಾಗದಲ್ಲಿ ವಿಶೇಷವಾಗಿ ಹೇಳಬೇಕಾದ್ದು ಕರೆಂಟಿನ ಮಾತು. ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿ ಯಂತ್ರ ಆರಿದರೆ ಅರ್ಧ ಪ್ಯಾಕೇಜ್ ಹೊಸದು, ಅರ್ಧ ಹಳೆಯದು ಆಗಿರುತ್ತದೆ. ಡೆಸ್ಕ್‌ಟಾಪ್ ಬಂದ ಕಾರಣ ಎಲ್ಲ ಮುಗಿದಿದೆ ಎನಿಸುತ್ತದೆ, ಸಿಂಕ್ ಆ್ಯಪ್ ಮಾತ್ರ ಬೀಳುತ್ತದೆ. ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ, ಅದು ಮುಗಿದ ಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ಕೊನೆಗೆ ‘ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್’. ಈ ಮೂರು ಇದೇ ಅನುಕ್ರಮದಲ್ಲಿ ನಡೆಯಬೇಕು. ನಡುವೆ ‘ಡಿಎಫ್ -ಎಚ್’ ಹೊಡೆದು ಡಿಸ್ಕ್ ನೂರಕ್ಕೆ ನೂರು ತುಂಬಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಸಿಂಕ್ ಆ್ಯಪ್‌ಗಳು ತಮ್ಮ ಲೆಕ್ಕವನ್ನು ಡೇಟಾಬೇಸ್‌ನಲ್ಲಿ ಬರೆಯುತ್ತವೆ. ಬರೆಯಲು ಜಾಗವಿಲ್ಲದಿದ್ದರೆ ತೆರೆಯುವುದೇ ಇಲ್ಲ. ‘ಸುಡೊ ಆಪ್ಟ್ ಕ್ಲೀನ್’ ಮತ್ತು ‘ಸುಡೊ ಆಪ್ಟ್ ಆಟೋರಿಮೂವ್’ ಕೊಟ್ಟರೆ ಇಳಿಸಿಟ್ಟ ಪ್ಯಾಕೇಜ್‌ಗಳೂ ಹಳೆಯ ಕರ್ನಲ್‌ಗಳೂ ಹೋಗಿ ಜಾಗವಾಗುತ್ತದೆ.

ಸಿಂಕ್‌ಥಿಂಗ್ ಬಳಸುವವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಅದಕ್ಕೆ ಫ್ಯೂಸ್ ಬೇಡ, ಕ್ಯೂಟಿ ಬೇಡ. ಬ್ರೌಸರ್‌ನಲ್ಲಿ 8384 ಎಂಬ ಪೋರ್ಟ್‌ನಲ್ಲಿ ತೆರೆಯುತ್ತದೆ. 2025ರ ಆಗಸ್ಟ್‌ನಲ್ಲಿ ಅದರ 2.0 ಬಂತು. ಅಲ್ಲಿಂದ ಅದರ ಡೇಟಾಬೇಸ್ ಲೆವೆಲ್‌ಡಿಬಿಯಿಂದ ಎಸ್‌ಕ್ಯೂಲೈಟ್‌ಗೆ ಬದಲಾಯಿತು. ಹೊಸ ಆವೃತ್ತಿ ಮೊದಲ ಸಲ ಚಾಲೂ ಆದಾಗ ಹಳೆಯ ಲೆಕ್ಕವನ್ನೆಲ್ಲ ಹೊಸದಕ್ಕೆ ಬರೆದುಕೊಳ್ಳುತ್ತದೆ. ಲಕ್ಷಾಂತರ ಫೋಟೊ ಇರುವ ಸ್ಟುಡಿಯೊ ಕಂಪ್ಯೂಟರ್‌ನಲ್ಲಿ, ಅದೂ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಇದು ತಾಸುಗಟ್ಟಲೆ ಹಿಡಿಯಬಹುದು. ‘ಚಾಲೂ ಆಗ್ತಿಲ್ಲ’ ಎಂದು ನಡುವೆ ಆರಿಸಬೇಡಿ. ‘ಜರ್ನಲ್‌ಸಿಟಿಎಲ್ --ಯೂಸರ್ -ಯು ಸಿಂಕ್‌ಥಿಂಗ್ -ಎಫ್’ ಹೊಡೆದು ಸಾಲುಗಳು ಮುಂದೆ ಹೋಗುತ್ತಿವೆಯೇ ನೋಡುತ್ತ ಕೂಡಿ. ಇದೇ 2.0 ಒಂಟಿ ಗೆರೆಯ ಉದ್ದ ಆಯ್ಕೆಗಳನ್ನು ಒಪ್ಪುವುದಿಲ್ಲ. ಹಿಂದೆ ಸರ್ವಿಸ್ ಫೈಲ್‌ನಲ್ಲಿ ‘-ಹೋಮ್’ ಎಂದು ಬರೆದಿಟ್ಟಿದ್ದರೆ ‘--ಹೋಮ್’ ಎಂದು ತಿದ್ದಿ, ‘ಸಿಸ್ಟಮ್‌ಸಿಟಿಎಲ್ --ಯೂಸರ್ ಡೀಮನ್-ರೀಲೋಡ್’ ಕೊಟ್ಟು ಮತ್ತೆ ಚಾಲೂ ಮಾಡಿ. ಇನ್ನೊಂದು ಪ್ರತಿ ಓಡುತ್ತಿದೆಯೇ ಎಂದು ಅದೇ ಕೇಳುತ್ತಿದ್ದರೆ ಸಿಸ್ಟಮ್ ಸರ್ವಿಸ್ ಒಂದು, ಯೂಸರ್ ಸರ್ವಿಸ್ ಒಂದು ಹೀಗೆ ಎರಡೂ ಆನ್ ಆಗಿರುತ್ತವೆ. ಒಂದನ್ನು ಡಿಸೇಬಲ್ ಮಾಡಿ.

ಸಿಂಕ್‌ಥಿಂಗ್‌ನ ಸೆಟ್ಟಿಂಗ್ ಫೋಲ್ಡರ್ ಹಳೆಯ ಯಂತ್ರಗಳಲ್ಲಿ ‘.ಕಾನ್ಫಿಗ್/ಸಿಂಕ್‌ಥಿಂಗ್’, 1.27ರಿಂದ ಹೊಸದಾಗಿ ಹಾಕಿದವರಲ್ಲಿ ‘.ಲೋಕಲ್/ಸ್ಟೇಟ್/ಸಿಂಕ್‌ಥಿಂಗ್’. ಅದರಲ್ಲಿ ಸರ್ಟ್, ಕೀ ಎಂಬ ಎರಡು ಪೆಮ್ ಫೈಲ್‌ಗಳಿವೆ. ಏಳೇಳು ಅಕ್ಷರದ ಎಂಟು ಗುಂಪಿನ ನಿಮ್ಮ ಡಿವೈಸ್ ಐಡಿ ಹುಟ್ಟುವುದು ಅವುಗಳಿಂದಲೇ. ಫೋಲ್ಡರ್ ಅಳಿಸಿದರೆ ಆ್ಯಪ್ ಚಾಲೂ ಆಗುತ್ತದೆ ನಿಜ, ಹೊಸ ಐಡಿ ಹೊತ್ತು ಬರುತ್ತದೆ. ಉಳಿದ ಕಂಪ್ಯೂಟರ್‌ಗಳಿಗೆ ಅದು ಗುರುತಿಲ್ಲದ ಮನುಷ್ಯ.

ಇವೆಲ್ಲಕ್ಕಿಂತ ಅಪಾಯದ ದೋಷ ಒಂದಿದೆ. ನುಡಿಯ ಹಳೆಯ ಫೈಲ್‌ಗಳು, ಪೇಜ್‌ಮೇಕರ್ ಸಲುವಾಗಿ ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಿಸಿಕೊಂಡವರು ಬಹಳ. ಸಿಂಕ್ ಫೋಲ್ಡರ್ ಇರುವುದು ಎರಡಕ್ಕೂ ಸಾಮಾನ್ಯವಾದ ‘ಡಿ’ ಡ್ರೈವ್‌ನಲ್ಲಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಡಿಸ್ಕನ್ನು ಅರ್ಧ ತೆರೆದಿಟ್ಟೇ ಮಲಗುತ್ತದೆ. ಅಂಥ ಡಿಸ್ಕನ್ನು ಲಿನಕ್ಸ್ ಓದಲಿಕ್ಕಷ್ಟೇ ಮೌಂಟ್ ಮಾಡುತ್ತದೆ, ಅಥವಾ ಮಾಡಲು ಒಪ್ಪುವುದಿಲ್ಲ. ಮೌಂಟ್ ಆಗದಿದ್ದಾಗ ಸಿಂಕ್‌ಥಿಂಗ್ ‘ಫೋಲ್ಡರ್ ಮಾರ್ಕರ್ ಮಿಸ್ಸಿಂಗ್’ ಎಂದು ಆ ಫೋಲ್ಡರನ್ನು ನಿಲ್ಲಿಸುತ್ತದೆ. ಫೋಲ್ಡರ್ ಒಳಗೆ ‘.ಎಸ್‌ಟಿಫೋಲ್ಡರ್’ ಎಂಬ ಗುರುತು ಇಟ್ಟಿರುತ್ತದೆ; ಅದು ಕಾಣದಿದ್ದರೆ ಡಿಸ್ಕ್ ಇಲ್ಲ ಎಂದು ತಿಳಿದು ಕೈಕಟ್ಟಿ ಕೂಡುತ್ತದೆ. ಇದು ನಿಮ್ಮ ರಕ್ಷಣೆಗೇ ಇರುವ ಕಾವಲು. ನೆಟ್‌ನಲ್ಲಿ ಓದಿ ಖಾಲಿ ಜಾಗದಲ್ಲಿ ಆ ಹೆಸರಿನ ಫೋಲ್ಡರನ್ನು ಕೈಯಿಂದ ಸೃಷ್ಟಿಸಿಬಿಟ್ಟರೆ, ಆ್ಯಪ್ ‘ಡಿಸ್ಕ್ ಇದೆ, ಫೈಲ್‌ಗಳನ್ನೆಲ್ಲ ಮಾಲೀಕರು ಅಳಿಸಿದ್ದಾರೆ’ ಎಂದು ನಂಬಿ ಉಳಿದ ಎಲ್ಲ ಕಂಪ್ಯೂಟರ್‌ಗಳಲ್ಲೂ ಅಳಿಸುತ್ತ ಹೋಗುತ್ತದೆ. ಕೈಮುಗಿದು ಹೇಳುತ್ತೇನೆ, ಫೈಲ್‌ಗಳು ಕಣ್ಣಿಗೆ ಕಾಣುವ ತನಕ ಆ ಗುರುತನ್ನು ಮಾಡಬೇಡಿ. ವಿಂಡೋಸ್‌ಗೆ ಹೋಗಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ, ಡಿ ಡ್ರೈವ್‌ಗೆ ಚೆಕ್‌ಡಿಸ್ಕ್ ಓಡಿಸಿ, ಪೂರ್ತಿ ಶಟ್‌ಡೌನ್ ಮಾಡಿ ಲಿನಕ್ಸ್‌ಗೆ ಬನ್ನಿ. ಡಿಸ್ಕ್ ಸರಿಯಾಗಿ ಬಂದರೆ ಸಿಂಕ್ ತಾನೇ ಮುಂದುವರಿಯುತ್ತದೆ. ಮೌಂಟ್ ಆಗುವ ಹಾದಿ ಬದಲಾಗಿದ್ದರೂ ಇದೇ ದೋಷ ಬರುತ್ತದೆ, ಆದ್ದರಿಂದ ಹಾದಿಯನ್ನೂ ಹೋಲಿಸಿ ನೋಡಿ.

ಆ್ಯಪ್ ಚಾಲೂ ಆದ ಮೇಲೂ ಕನ್ನಡ ಹೆಸರಿನ ಕೆಲವೇ ಫೈಲ್‌ಗಳು ಸಿಂಕ್ ಆಗದೆ ಉಳಿದರೆ ಹೆಸರಿನ ಉದ್ದ ನೋಡಿ. ಎಕ್ಸ್ಟ್4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಕಾಗುಣಿತದ ಗುರುತು, ಒತ್ತಕ್ಷರ ಕೂಡಿಸುವ ಹಲಂತದ ಗುರುತು ಪ್ರತಿಯೊಂದಕ್ಕೂ ಮೂರು ಮೂರು ಬೇಕು. ‘ಮದುವೆ ಆಮಂತ್ರಣ ಪತ್ರಿಕೆ’ ಎಂಬುದು ಓದುವವರಿಗೆ ಹತ್ತು ಅಕ್ಷರ, ಡಿಸ್ಕಿಗೆ 59 ಬೈಟ್. ಉಬುಂಟು 18.04ಕ್ಕೆ ಮುಂಚೆ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡಿಸಿಕೊಂಡ ಹಳೆಯ ಯಂತ್ರವಾದರೆ ಮಿತಿ 143ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಗಿರಾಕಿಯ ಹೆಸರು, ಊರು, ತಾರೀಖು ಎಲ್ಲ ಸೇರಿಸಿದ ಕನ್ನಡ ಹೆಸರು ಹಿಡಿಸುವುದಿಲ್ಲ. ಹೆಸರು ಚಿಕ್ಕದು ಮಾಡಿ, ಊರಿಗೊಂದು ಫೋಲ್ಡರ್ ಮಾಡಿ. ಕನ್ನಡದಲ್ಲಿ ಹೆಸರಿಡುವುದನ್ನು ಮಾತ್ರ ಬಿಡಬೇಡಿ.

ಆ್ಯಪ್ ಪ್ರತಿಸಲ ಪಾಸ್‌ವರ್ಡ್ ಕೇಳುತ್ತಿದ್ದರೆ ಪಾಸ್‌ವರ್ಡ್‌ಗಳನ್ನು ಕಾಪಿಡುವ ಕೀರಿಂಗ್ ತೆರೆದಿಲ್ಲ ಎಂದರ್ಥ. ಆಟೋ ಲಾಗಿನ್ ಆನ್ ಇದ್ದಲ್ಲಿ ಹೀಗಾಗುತ್ತದೆ. ಅದನ್ನು ಆಫ್ ಮಾಡಿ, ಪಾಸ್‌ವರ್ಡ್ ಹಾಕಿಯೇ ಒಳಗೆ ಬನ್ನಿ.

ಅಪ್‌ಗ್ರೇಡ್ ಇನ್ನೂ ಮಾಡದವರಿಗೆ ಎರಡು ಮಾತು. 20.04ರಿಂದ ನೇರವಾಗಿ 24.04ಕ್ಕೆ ಹಾರಲು ಬರುವುದಿಲ್ಲ, ನಡುವೆ 22.04 ದಾಟಬೇಕು. ಎರಡು ಹಂತಕ್ಕೂ ಒಂದೊಂದು ಜಿಬಿಗೆ ಮಿಕ್ಕಿ ಡೌನ್‌ಲೋಡ್ ಇರುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಡೇಟಾ ನಂಬಿ ಕೂಡಬೇಡಿ. ಹಿಂದಿನ ದಿನ ಸಿಂಕ್ ಪೂರ್ತಿಯಾಗಿ, ಬಾಕಿ ಏನೂ ಇಲ್ಲ ಎಂದು ಆ್ಯಪ್ ತೋರಿಸಿದ ಮೇಲೆ ಅದನ್ನು ಮುಚ್ಚಿ. ಬ್ಯಾಕಪ್ ಸಾಧನವಾದ ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದಿದ್ದೇವೆ ಎಂದು ಧೈರ್ಯದಿಂದಿರುವವರು ಗಮನಿಸಿ: ಅದು ವ್ಯವಸ್ಥೆಯ ಫೈಲ್‌ಗಳನ್ನು ಉಳಿಸುತ್ತದೆ, ನಾವಾಗಿ ಹೇಳದಿದ್ದರೆ ಹೋಮ್ ಫೋಲ್ಡರನ್ನು ಬಿಟ್ಟುಬಿಡುತ್ತದೆ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷಕ್ಕೇ ಕೈಕೊಡುವಂತಿದ್ದರೆ ಮೊದಲು ಅದನ್ನು ಬದಲಿಸಿ. ಲಗ್ನಪತ್ರಿಕೆಯ ಸೀಜನ್‌ನಲ್ಲಿ ಅಂತೂ ಅಪ್‌ಗ್ರೇಡ್‌ಗೆ ಕೈಹಾಕಲೇಬೇಡಿ.

ಇಷ್ಟೆಲ್ಲ ನೋಡಿದರೂ ಆಗಲಿಲ್ಲ ಎಂದರೆ ಅಂಗಡಿಗೆ ಹೋಗಿ, ಆದರೆ ಮೊದಲು ಯಂತ್ರ ಒಯ್ಯಬೇಡಿ. ‘ಕ್ಯಾಟ್ /ಇಟಿಸಿ/ಒಎಸ್-ರಿಲೀಸ್’ ಹೊಡೆದಾಗ ಬರುವುದನ್ನೂ, ಆ್ಯಪ್ ಓಡಿಸಿದಾಗ ಕೊನೆಗೆ ಬಂದ ಹತ್ತು ಸಾಲನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಹೋಗಿ ತೋರಿಸಿ. ದುರಸ್ತಿ ಮಾಡುವ ಗೆಳೆಯರಲ್ಲೂ ನನ್ನ ವಿನಂತಿ ಇಷ್ಟೇ: ಫಾರ್ಮ್ಯಾಟ್ ಮಾಡಲೇಬೇಕು ಎನಿಸಿದರೆ ಯಾವ ದೋಷದ ಸಾಲು ಬಂತು, ಸಿಂಕ್ ಫೋಲ್ಡರ್‌ನ ನಕಲು ಎಲ್ಲಿ ಇಟ್ಟಿದ್ದೀರಿ ಎಂಬ ಎರಡನ್ನು ರಸೀದಿಯ ಮೇಲೆ ಬರೆದು, ಗಿರಾಕಿಯ ಸಹಿ ಪಡೆದ ಮೇಲೆಯೇ ಕೈಹಾಕಿ.

ಇಂತಿ,
ಕಂಪ್ಯೂಟರ್ ದುರಸ್ತಿ ಕೆಲಸದ ಓದುಗ
ನವನಗರ, ಬಾಗಲಕೋಟೆ